ಅಡಿಕೆ ಒಲೆಯ ಮುಂದೆ ಕೇಳಿದ ಉಯಿಲು

2024ರ ನವೆಂಬರ್ 22, ಶುಕ್ರವಾರ. ಬೆಳಿಗ್ಗೆ ಐದೂವರೆಗೆ ಎಚ್ಚರವಾದ ಕೂಡಲೇ ಫೋನ್ ನೋಡಿದೆ. ಬಂದಿತ್ತು. ಓಪೆತ್‌ನ ಹೊಸ ಆಲ್ಬಂ ‘ದಿ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’. ಎಂಟು ಹಾಡು, ಹತ್ತಿರ ಹತ್ತಿರ 51 ನಿಮಿಷ.

ತಕ್ಷಣ ಕೇಳಲಿಲ್ಲ. ಬಸ್ಸಲ್ಲಿ ಕೂತ ಮೇಲೇ ಕೇಳಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಶಿವಮೊಗ್ಗದ ರೂಮಿನಲ್ಲಿ ಎಲ್ಲಾ ಹಾಡು ಡೌನ್‌ಲೋಡ್ ಮಾಡಿಕೊಂಡೆ. ಸಾಹಿತ್ಯವನ್ನೂ ಉಳಿಸಿಕೊಂಡೆ. ಹೆಡ್‌ಫೋನ್ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದೆ. ಊರಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು, ಅದಕ್ಕೇ ರಜೆ ಹಾಕಿದ್ದೆ. ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಇನ್ನೂ ಒಳಗೆ. ಅಲ್ಲಿ ಫೋನಿಗೆ ರೇಂಜ್ ಬೇಕಂದರೆ ತೋಟದ ಮೇಲಿನ ದಿಬ್ಬ ಹತ್ತಬೇಕು. ಹಾಡು ಇಲ್ಲಿಂದಲೇ ತುಂಬಿಕೊಂಡು ಹೋಗದಿದ್ದರೆ ಮತ್ತೆ ಸೋಮವಾರವೇ.

ಈ ಆಲ್ಬಂ ಅಕ್ಟೋಬರ್ 11ಕ್ಕೇ ಬರಬೇಕಿತ್ತು. ಅವತ್ತು ಆಯುಧಪೂಜೆ. ಪೂಜೆ ಮುಗಿಸಿ, ಊಟ ಮಾಡಿ, ಬಾಗಿಲು ಹಾಕಿಕೊಂಡು ಕೇಳೋದು ಅಂತ ಲೆಕ್ಕ ಹಾಕಿದ್ದೆ. ಆಮೇಲೆ ಆರು ವಾರ ಮುಂದಕ್ಕೆ ಹೋಯಿತು. ಆ ಆರು ವಾರ ಕಳೆದದ್ದು ಹೇಗೆ ಅಂತ ನನಗೇ ಗೊತ್ತು. ಆಗಸ್ಟ್‌ನಲ್ಲಿ ಮೊದಲನೇ ಹಾಡು ಒಂದನ್ನು ಬಿಟ್ಟಿದ್ದರು. ಅದನ್ನೇ ತಿರುಗಾ ಮುರುಗಾ ಕೇಳಿದ್ದೆ. ಯಾಕಂದರೆ ಅದರಲ್ಲಿ ಗ್ರೌಲ್ ಇತ್ತು.

ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಓಪೆತ್ ಸ್ವೀಡನ್ನಿನ ಸ್ಟಾಕ್‌ಹೋಮಿನ ಮೆಟಲ್ ಬ್ಯಾಂಡ್. ಹಾಡೋದು, ಗಿಟಾರ್ ಬಾರಿಸೋದು, ಹೆಚ್ಚಿನ ಹಾಡು ಬರೆಯೋದು ಎಲ್ಲಾ ಮಿಕಾಯೆಲ್ ಓಕರ್‌ಫೆಲ್ಟ್. ಇವರಿಗೆ ಎರಡು ದನಿ. ಒಂದು ಮೆತ್ತಗೆ, ಸ್ವಚ್ಛವಾಗಿ, ಲಾಲಿ ಹಾಡುವವರ ಹಾಗೆ. ಇನ್ನೊಂದು ಹೊಟ್ಟೆಯ ಆಳದಿಂದ ಬರುವ ಗುಡುಗು, ಅದನ್ನೇ ಗ್ರೌಲ್ ಅನ್ನೋದು. 2003ರ ಒಂದು ಆಲ್ಬಂ ಬಿಟ್ಟರೆ, 2008ರ ಆಲ್ಬಂವರೆಗೆ ಎರಡೂ ದನಿ ಒಟ್ಟಿಗೆ ಇದ್ದವು. 2011ರಲ್ಲಿ ಗ್ರೌಲ್ ನಿಂತುಹೋಯಿತು. ಆಮೇಲೆ 2014, 2016, 2019 ಅಂತ ಆಲ್ಬಂ ಬಂದವು. ಅವೆಲ್ಲ ಚೆನ್ನಾಗಿದ್ದವು, ನಾನು ಕೇಳಿದ್ದೇನೆ, ಇಷ್ಟಪಟ್ಟಿದ್ದೇನೆ. ಆದರೂ ಮನೆಯಲ್ಲಿ ಒಂದು ಕೋಣೆಗೆ ಬೀಗ ಹಾಕಿಟ್ಟ ಹಾಗೆ ಅನಿಸುತ್ತಿತ್ತು.

2008ರಲ್ಲಿ ನಾನು ಶಿವಮೊಗ್ಗದಲ್ಲಿ ಮೊದಲ ವರ್ಷದ ಡಿಗ್ರಿ. ಹಾಸ್ಟೆಲಿನ ಗೆಳತಿಯ ಅಣ್ಣ ಒಂದು ಪೆನ್‌ಡ್ರೈವ್ ತುಂಬಾ ಹಾಡು ಕೊಟ್ಟಿದ್ದರು. ಅದರೊಳಗೆ ಓಪೆತ್ ಸಿಕ್ಕಿತು. ಮೊದಲ ಸಲ ಗ್ರೌಲ್ ಕೇಳಿದಾಗ ಉಳಿದ ಹುಡುಗಿಯರು ಕಿವಿ ಮುಚ್ಚಿಕೊಂಡರು. ನನಗೆ ಮಾತ್ರ ಅದು ಹೊಸದು ಅನಿಸಲಿಲ್ಲ. ಚಿಕ್ಕಂದಿನಲ್ಲಿ ಯಕ್ಷಗಾನ ಬಯಲಾಟ ನೋಡಲು ಅಪ್ಪಯ್ಯನ ಜೊತೆ ಹೋಗುತ್ತಿದ್ದೆ. ಅರ್ಧ ರಾತ್ರಿ ಮೇಲೆ, ನಿದ್ದೆ ಎಳೆಯುವ ಹೊತ್ತಿಗೆ, ತೆರೆಯ ಹಿಂದಿನಿಂದ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ ಅಬ್ಬರ ಬರುತ್ತಿತ್ತು. ವೇಷ ಇನ್ನೂ ಕಾಣಿಸಿಲ್ಲ, ಬರೀ ದನಿ. ಚಂಡೆ ಒಂದೇ ಸಮ ಏರುತ್ತಿದೆ. ಎದೆಯೊಳಗೆ ಏನೋ ಅದುರಿದ ಹಾಗೆ ಆಗಿ ಅಪ್ಪಯ್ಯನ ಶಾಲಿನೊಳಗೆ ಮುಖ ಹುದುಗಿಸುತ್ತಿದ್ದೆ. ಒಂದು ಕಣ್ಣು ಮಾತ್ರ ಹೊರಗೆ. ಆ ಹೆದರಿಕೆ ನನಗೆ ಬಹಳ ಇಷ್ಟ ಇತ್ತು. ಹಾಸ್ಟೆಲಿನ ಮಂಚದ ಮೇಲೆ ಕೂತು ಓಪೆತ್ ಕೇಳಿದಾಗ ಅದೇ ಹೆದರಿಕೆ ವಾಪಸ್ ಬಂತು.

ಏಳು ಗಂಟೆಯ ತೀರ್ಥಹಳ್ಳಿ ಬಸ್ಸು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಬಸ್ಸು ನಿಲ್ದಾಣ ಬಿಟ್ಟ ಮೇಲೆ ಟಿಕೆಟ್ ತಗೊಂಡು, ಚಿಲ್ಲರೆ ಬ್ಯಾಗಿಗೆ ಹಾಕಿ, ಹೆಡ್‌ಫೋನ್ ಹಾಕಿಕೊಂಡೆ.

ಹಾಡುಗಳಿಗೆ ಹೆಸರೇ ಇಲ್ಲ. ಏಳು ಹಾಡಿಗೂ ಕಾನೂನು ಪತ್ರಗಳಲ್ಲಿ ಕಲಂಗೆ ಹಾಕುವ ಗುರುತು ಮತ್ತು ಒಂದು ಸಂಖ್ಯೆ, ಅಷ್ಟೇ. ಕಲಂ ಒಂದು, ಕಲಂ ಎರಡು, ಹೀಗೆ ಏಳರವರೆಗೆ. ಎಂಟನೆಯದಕ್ಕೆ ಮಾತ್ರ ಹೆಸರಿದೆ. ಇದನ್ನು ನೋಡಿದ ದಿನವೇ ನನಗೆ ಮೈ ಜುಂ ಅಂದಿತ್ತು. ಯಾಕಂದರೆ ನನ್ನ ಕೆಲಸವೇ ಅದು. ಪತ್ರ ಬರಹಗಾರರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತೇನೆ. ಕ್ರಯಪತ್ರ, ಪಾಲುಪಟ್ಟಿ, ದಾನಪತ್ರ, ಉಯಿಲು. ದಿನಾ ಬೆಳಗಾದರೆ ಎ ಷೆಡ್ಯೂಲ್, ಬಿ ಷೆಡ್ಯೂಲ್, ಚಕ್ಕುಬಂದಿ. ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಯಾವ ಹಳ್ಳ. ಮೆಟಲ್ ಕೇಳೋದು ಈ ಕೆಲಸದಿಂದ ಹೊರಗೆ ಬರೋದಕ್ಕೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ನೋಡಿದರೆ ನನ್ನ ಬ್ಯಾಂಡು ನನ್ನ ಆಫೀಸಿನ ಕಾಗದದೊಳಗೇ ಬಂದು ಕೂತಿದೆ.

ಕಥೆ ಇಷ್ಟು. ಮೊದಲನೇ ಮಹಾಯುದ್ಧ ಮುಗಿದ ಮೇಲಿನ ಕಾಲ. ಒಬ್ಬ ಶ್ರೀಮಂತ ಯಜಮಾನ ತೀರಿಕೊಂಡಿದ್ದಾನೆ. ಅವನ ದೊಡ್ಡ ಮನೆಯಲ್ಲಿ ಉಯಿಲು ಓದುತ್ತಾರೆ. ಕೇಳಲು ಕೂತವರು ಮೂರು ಜನ. ಅವಳಿ ಮಕ್ಕಳಿಬ್ಬರು, ಅವರ ಜೊತೆಗೇ ಬೆಳೆದ ಪೋಲಿಯೋ ಆದ ಒಬ್ಬ ಹುಡುಗಿ. ಒಂದೊಂದು ಹಾಡು ಉಯಿಲಿನ ಒಂದೊಂದು ಕಲಂ. ಕಲಂ ಮುಗಿದ ಹಾಗೆ ಒಂದೊಂದು ಗುಟ್ಟು ಹೊರಗೆ ಬರುತ್ತದೆ. ಒಂದು ಟೀವಿ ಧಾರಾವಾಹಿಯಲ್ಲಿ ಶ್ರೀಮಂತರ ಮಕ್ಕಳು ಅಪ್ಪನ ಆಸ್ತಿಗೆ ಕಿತ್ತಾಡುವುದನ್ನು ನೋಡಿ ಈ ಯೋಚನೆ ಬಂತು ಅಂತ ಓಕರ್‌ಫೆಲ್ಟ್ ಹೇಳಿಕೊಂಡಿದ್ದಾರೆ. ಅವರು ಅದಕ್ಕೆ ಟೀವಿ ನೋಡಬೇಕಾಯಿತು. ನಮ್ಮ ಕಡೆ ಯಾವ ಊರಿಗೆ ಹೋದರೂ ಇಂಥ ಒಂದು ಮನೆ ಸಿಗುತ್ತದೆ, ಅಲ್ವಾ?

ಮೊದಲನೇ ಕಲಂ ನನಗೆ ಬಾಯಿಪಾಠ ಆಗಿತ್ತು. ಆದರೂ ಒಳ್ಳೇ ಹೆಡ್‌ಫೋನಿನಲ್ಲಿ, ಪೂರ್ತಿ ಆಲ್ಬಂನ ಬಾಗಿಲಾಗಿ ಕೇಳಿದಾಗ ಬೇರೆಯೇ ಕಂಡಿತು. ಮಾರ್ಟಿನ್ ಮೆಂಡೆಝ್ ಅವರ ಬೇಸ್ ಗಿಟಾರು ಮೆತ್ತಗೆ ಕಾಲಿಟ್ಟು ಮನೆಯೊಳಗೆ ನಡೆದ ಹಾಗಿದೆ. ಆಮೇಲೆ ಗ್ರೌಲ್. ಐವತ್ತು ವರ್ಷ ದಾಟಿದವರ ಗಂಟಲಿನಿಂದ ಆ ದನಿ ಬರುತ್ತದೆ, ಒಂದು ಚೂರೂ ಸವೆದಿಲ್ಲ. ಮೊದಲಿಗಿಂತ ಜಾಸ್ತಿ ಸ್ಪಷ್ಟ ಇದೆ, ಒಂದೊಂದು ಪದವೂ ಬಿಡಿಸಿ ಕೇಳಿಸುತ್ತದೆ. ಕೊನೆಗೆ ಪಿಟೀಲುಗಳ ಗುಂಪು ಬಂದು ಹಾಡನ್ನು ಎತ್ತಿಕೊಂಡು ಹೋಗುತ್ತದೆ. ನಗರದ ಕೊನೇ ಮನೆಗಳು ಹಿಂದಕ್ಕೆ ಹೋಗುತ್ತಿದ್ದವು. ನನ್ನ ಕಣ್ಣಲ್ಲಿ ನೀರು. ಪಕ್ಕದಲ್ಲಿ ಕೂತ ಅಜ್ಜಿ ‘ಗಾಳಿಗೆ ಕಿಟಕಿ ಹಾಕ್ಕಳಮ್ಮ’ ಅಂದರು. ಹಾಕಿಕೊಂಡೆ.

ಎರಡು, ಮೂರನೇ ಕಲಂಗಳು ಬಂದದ್ದು ಹೋದದ್ದು ಮೊದಲ ಸಲಕ್ಕೆ ಸರಿಯಾಗಿ ಹಿಡಿತಕ್ಕೇ ಸಿಗಲಿಲ್ಲ. ಎರಡರಲ್ಲಿ ‘ಯುರೋಪ್’ ಅನ್ನೋ ಬ್ಯಾಂಡಿನ ಜೋಯಿ ಟೆಂಪೆಸ್ಟ್ ದನಿ ಸೇರಿಸಿದ್ದಾರೆ. ಅದು ಗೊತ್ತಿದ್ದರೂ ಹುಡುಕಿ ಹುಡುಕಿ ಹಿಡಿಯಬೇಕಾಯಿತು. ತಾಳ ಎಲ್ಲಿ ತಿರುಗುತ್ತದೆ ಅಂತ ಬೆರಳು ಮಡಚಿ ಎಣಿಸಲು ಹೋದೆ. ಏಳಕ್ಕೆ ಸರಿಹೋಯಿತು ಅನ್ನುವಷ್ಟರಲ್ಲಿ ಕೈತಪ್ಪಿತು. ಸುಮ್ನೆ ಬಿಟ್ಟುಬಿಟ್ಟೆ. ಆಟದಲ್ಲಿ ಭಾಗವತರು ತ್ರಿವುಡೆ ತಾಳದಿಂದ ಇನ್ನೊಂದಕ್ಕೆ ಹಾರುವಾಗ ನಾವು ಎಣಿಸಿಕೊಂಡಾ ಕೂರುತ್ತೇವೆ? ಕಾಲು ತಾನಾಗೇ ಹಿಡಿದುಕೊಳ್ಳುತ್ತದೆ. ಮೂರನೇ ಸಲ ಕೇಳುವಾಗ ಇಲ್ಲೂ ಹಾಗೇ ಆಯಿತು.

ಡ್ರಮ್ಸ್ ಬಗ್ಗೆ ಹೇಳಲೇಬೇಕು. ವಾಲ್ಟೆರಿ ವಾಯ್ರುನೆನ್, ಫಿನ್ಲೆಂಡಿನವರು, 2022ರಲ್ಲಿ ಸೇರಿದವರು. ಓಪೆತ್ ಜೊತೆ ಇದು ಇವರ ಮೊದಲ ಆಲ್ಬಂ. ಹೊಸಬರು ಬಂದರೆ ತಮ್ಮ ಶಕ್ತಿ ತೋರಿಸಲು ಎಲ್ಲಾ ಕಡೆ ತುಂಬಿಬಿಡುತ್ತಾರೆ ಅನ್ನೋ ಹೆದರಿಕೆ ಇತ್ತು. ಇವರು ತುಂಬೋದಿಲ್ಲ. ಗ್ರೌಲ್ ಬರುವ ಮೊದಲು ಒಂದು ಉಸಿರಿನಷ್ಟು ಜಾಗ ಬಿಡುತ್ತಾರೆ. ಆ ಜಾಗದಲ್ಲಿ ಇನ್ನೇನು ಬರುತ್ತದೋ ಅಂತ ಹೊಟ್ಟೆ ಹಿಂಡುತ್ತದೆ. ಆಮೇಲೆ ಎರಡೂ ಕಾಲು ಒಟ್ಟಿಗೆ ಇಳಿಸುತ್ತಾರೆ. ಚಂಡೆಯವರ ಬುದ್ಧಿ ಇದು. ಅಬ್ಬರಕ್ಕೆ ಮುಂಚೆ ಕೈ ತಡೆಯೋದು ಗೊತ್ತಿರಬೇಕು.

ಗಾಜನೂರಿನ ಹತ್ತಿರ ತುಂಗೆಯ ನೀರು ಕಾಣಿಸಿದಾಗ ನಾಲ್ಕನೇ ಕಲಂ ನಡೆಯುತ್ತಿತ್ತು. ಅದರಲ್ಲಿ ಕೊಳಲು. ಜೆಥ್ರೋ ಟಲ್ ಬ್ಯಾಂಡಿನ ಇಯಾನ್ ಆಂಡರ್ಸನ್. 1947ರಲ್ಲಿ ಹುಟ್ಟಿದವರು, 77ನೇ ವಯಸ್ಸಿನಲ್ಲಿ ಇಷ್ಟು ಗಟ್ಟಿ ಉಸಿರು. ರಾಕ್ ಸಂಗೀತಕ್ಕೆ ಕೊಳಲು ತಂದು ಕೂರಿಸಿದವರಲ್ಲಿ ಮೊದಲ ಹೆಸರು ಇವರದೇ. ನಮ್ಮ ಕೊಳಲಿನ ಹಾಗೆ ಇದು ಜಾರಿಕೊಂಡು ಹೋಗುವುದಿಲ್ಲ. ಉಸಿರು ಉಗುಳಿದ ಹಾಗೆ, ಬೈದ ಹಾಗೆ ಬರುತ್ತದೆ. ಕೆಲವು ಕಲಂಗಳಲ್ಲಿ ಇವರೇ ಮಾತೂ ಆಡುತ್ತಾರೆ. ಒಣಗಿದ, ಅವಸರವಿಲ್ಲದ ಮುದುಕರ ದನಿ. ಕೊಳಲು ನಿಂತ ಮೇಲೆ ನೆಲ ಬಿರಿದ ಹಾಗೆ ಗಿಟಾರು. ಬಸ್ಸು ತಿರುವಿನಲ್ಲಿ ವಾಲಿತು. ಸಕ್ರೆಬೈಲು ದಾಟಿದ್ದು ಗೊತ್ತಾಗಲಿಲ್ಲ. ಯಾವಾಗಲೂ ಅಲ್ಲಿ ಆನೆ ಕಾಣುತ್ತದಾ ಅಂತ ಇಣುಕುವವಳು ನಾನು.

ಕೊನೇ ಹಾಡು ಶುರುವಾದಾಗ ಮಂಡಗದ್ದೆ ಹತ್ತಿರ. ಇದಕ್ಕೆ ಗ್ರೌಲ್ ಇಲ್ಲ, ಅಬ್ಬರ ಇಲ್ಲ. ಉಯಿಲು ಓದಿ ಮುಗಿದಿದೆ. ಅವಳಿ ಮಕ್ಕಳು ಯಜಮಾನನಿಗೆ ಹುಟ್ಟಿದವರೇ ಅಲ್ಲ ಅಂತ ಗೊತ್ತಾಗಿ ಅವರಿಗೆ ಏನೂ ಇಲ್ಲ. ಕೆಲಸದವಳಲ್ಲಿ ತನಗೆ ಹುಟ್ಟಿದವಳು ಅಂತ ಆ ಪೋಲಿಯೋ ಹುಡುಗಿಗೆ ಎಲ್ಲಾ ಆಸ್ತಿ ಬರೆದಿದ್ದಾನೆ. ಆಮೇಲೆ ಅವಳು ಆ ಮನೆಯಲ್ಲಿ ಒಬ್ಬಳೇ ಇದ್ದಾಗ ಅಮ್ಮನಿಂದ ಒಂದು ಕಾಗದ ಬರುತ್ತದೆ. ಇವಳೂ ಅವನ ಮಗಳಲ್ಲ. ಇದನ್ನು ಓಕರ್‌ಫೆಲ್ಟ್ ತಮ್ಮ ಮೆತ್ತಗಿನ ದನಿಯಲ್ಲಿ, ಯಾರನ್ನೂ ಬೈಯದೆ ಹಾಡುತ್ತಾರೆ. ಕೊನೆಗೆ ಫ್ರೆಡ್ರಿಕ್ ಓಕೆಸನ್ ಅವರ ಗಿಟಾರು ಮಾತ್ರ ಉಳಿಯುತ್ತದೆ.

ಮೊದಲ ಸಲ ಕೇಳಿ ಮುಗಿಸಿದಾಗ ಅನಿಸಿದ್ದನ್ನು ಹಾಗೇ ಹೇಳುತ್ತೇನೆ. ಸಂಗೀತ ಅದ್ಭುತ, ಆದರೆ ಇಕ್ಕಟ್ಟು. ಐದು, ಏಳು ನಿಮಿಷದ ಹಾಡುಗಳಲ್ಲಿ ಮೊದಲಿನ ಹತ್ತು ನಿಮಿಷದ ಹಾಡಿನಷ್ಟು ಸಾಮಾನು ತುಂಬಿದ್ದಾರೆ. ಒಂದು ಒಳ್ಳೇ ಧಾಟಿ ಬಂತು, ಅದರಲ್ಲಿ ಇನ್ನೆರಡು ಸುತ್ತು ಕೂರೋಣ ಅಂದರೆ ಎಬ್ಬಿಸಿ ಕಳಿಸುತ್ತಾರೆ. ಆಂಡರ್ಸನ್ ಆಡುವ ಮಾತು ಕೆಲವು ಕಡೆ ವಾದ್ಯಗಳ ಅಡಿಗೆ ಸಿಕ್ಕಿಕೊಂಡಿದೆ. ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಕೊನೇ ಹಾಡಿನ ಒಂದು ಕಾಗದದಲ್ಲಿ ಮುಗಿದುಹೋಗುತ್ತದೆ. ಈ ದೂರು ನಾಲ್ಕನೇ ಸಲ ಕೇಳಿದ ಮೇಲೂ ಪೂರ್ತಿ ಹೋಗಿಲ್ಲ.

ಆದರೆ ಅವತ್ತು ರಾತ್ರಿ ಇನ್ನೊಂದು ವಿಷಯ ಹೊಳೆಯಿತು.

ಕೊಯ್ಲಿನ ಕಾಲದಲ್ಲಿ ನಮ್ಮನೆಯಲ್ಲಿ ರಾತ್ರಿ ಒಲೆ ಆರುವುದಿಲ್ಲ. ಹಗಲು ಮರ ಹತ್ತಿ ಕೊನೆಗೌಡರು ಇಳಿಸಿದ ಅಡಿಕೆ ಗೊನೆಯಿಂದ ಸಂಜೆಗೆ ಅಂಗಳ ತುಂಬುತ್ತದೆ. ಸುಲಿಯಲು ಈಗ ಮೆಷಿನ್ ಬಂದಿದೆ. ಆದರೂ ಮೆಷಿನ್ ಬಿಟ್ಟದ್ದನ್ನು ಮೆಟ್ಟುಗತ್ತಿ ಮುಂದೆ ಕೂತು ನಾಲ್ಕೈದು ಜನ ಸುಲಿಯುತ್ತಾರೆ. ಹಿತ್ತಲ ಕಡೆ ದೊಡ್ಡ ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೇಯುವ ರಸ, ಕೊತಕೊತ ಕುದಿಯುತ್ತದೆ. ಕೆಂಪು ಅಂದರೆ ಕೆಂಪು, ಅಂಚಿನಲ್ಲಿ ಕಪ್ಪು ನೊರೆ. ಅದನ್ನು ಕಾಯುವುದು ಅತ್ತೆಯ ಕೆಲಸ, ಅಪ್ಪಯ್ಯನ ಅಕ್ಕ. ಬೆಂದಿದೆಯಾ ಅಂತ ನೋಡಲು ಅತ್ತೆ ಉದ್ದ ಹಿಡಿಕೆಯ ಸೌಟಿನಲ್ಲಿ ನಾಲ್ಕು ಅಡಿಕೆ ಎತ್ತುತ್ತಾರೆ. ಒಂದನ್ನು ಆರಿಸಿ, ಊದಿ, ಕತ್ತಿಯಲ್ಲಿ ಸೀಳಿ, ಬೆಂಕಿಯ ಬೆಳಕಿಗೆ ಹಿಡಿಯುತ್ತಾರೆ. ಮಾತಿಲ್ಲ. ತಲೆ ಆಡಿಸಿದರೆ ಆಯಿತು ಅಂತ, ಇಲ್ಲದಿದ್ದರೆ ಇನ್ನೊಂದು ಕುಂಟೆ ಒಲೆಗೆ. ಸುಲಿದು ಸುಲಿದು ಅವರ ಬೆರಳು ಕಪ್ಪಾಗಿದ್ದು ಶಿವರಾತ್ರಿ ಬಂದರೂ ಹೋಗುವುದಿಲ್ಲ.

ಅವರ ಪಕ್ಕ ಮಣೆ ಹಾಕಿಕೊಂಡು ಎರಡನೇ ಸಲ ಆಲ್ಬಂ ಹಾಕಿದೆ. ಈ ಸಲ ಸಾಹಿತ್ಯ ಓದಿಕೊಂಡು. ಗ್ರೌಲ್ ಎಲ್ಲೆಲ್ಲಿ ಬರುತ್ತದೆ ಅಂತ ಬೆರಳಿಟ್ಟು ನೋಡುತ್ತಾ ಹೋದೆ. ನನಗೆ ಕೇಳಿಸಿದ್ದು ಹೀಗೆ. ಗುಡುಗುವ ದನಿ ಸತ್ತವನದು. ಅವನು ಬರೆದದ್ದನ್ನು ಓದುವಾಗ ಮನೆಯೊಳಗೆ ಅವನೇ ಎದ್ದು ನಿಲ್ಲುತ್ತಾನೆ. ಮೆತ್ತಗಿನ ದನಿ ಬದುಕಿರುವವರದು.

ಪಾಲುಪಟ್ಟಿ ಟೈಪ್ ಮಾಡುವಾಗ ಆಫೀಸು ಗಲಾಟೆ ಇರುತ್ತದೆ. ಎಲ್ಲರೂ ಸಹಿ ಹಾಕಬೇಕಲ್ಲ, ಅದಕ್ಕೆ ಎಲ್ಲರೂ ಬರುತ್ತಾರೆ. ಜಗಳ ಆಡುತ್ತಾರೆ, ಅಳುತ್ತಾರೆ, ಟೀ ಕುಡಿಯುತ್ತಾರೆ. ಒಂದು ಮರಕ್ಕೆ ಎರಡು ಗಂಟೆ ಮಾತಾಡುತ್ತಾರೆ. ಉಯಿಲು ಹಾಗಲ್ಲ. ಬರೆಸುವವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಮಕ್ಕಳನ್ನು ಕೇಳಬೇಕಾಗಿಲ್ಲ. ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಕಾಲಾನಂತರ ಜಾರಿಗೆ ಬರತಕ್ಕದ್ದು. ಈ ಸಾಲನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಅದು ಜಾರಿಗೆ ಬರುವ ಹೊತ್ತಿಗೆ, ಯಾಕೆ ಹೀಗೆ ಬರೆದಿರಿ ಅಂತ ಕೇಳೋಣ ಅಂದರೆ ಆ ಮನುಷ್ಯ ಇಲ್ಲ. ಅವರು ಹೇಳಿದ್ದೇ ಹೇಳಿದ್ದು. ತಿರುಗಿ ಮಾತಾಡಲಾಗದ ಆ ದನಿ ಹೇಗಿರುತ್ತದೆ ಅಂತ ನನ್ನ ಕಿವಿಗೆ ಬಿದ್ದದ್ದು ಅವತ್ತೇ ಮೊದಲು. ಹದಿನಾರು ವರ್ಷ ಬೀಗ ಹಾಕಿಟ್ಟ ಕೋಣೆಯನ್ನು ಓಕರ್‌ಫೆಲ್ಟ್ ಸುಮ್ನೆ ಅಭಿಮಾನಿಗಳ ಒತ್ತಾಯಕ್ಕೆ ತೆರೆದಿಲ್ಲ ಅಂತ ನನಗೆ ಖಾತ್ರಿಯಾಯಿತು. ಈ ಕಥೆಗೆ ಆ ದನಿಯೇ ಬೇಕಿತ್ತು.

ನಮ್ಮನೆಯಲ್ಲೂ ಒಂದು ಉಯಿಲು ಇದೆ. ಅಜ್ಜಯ್ಯನದು. ಅವರು ತೀರಿಕೊಂಡದ್ದು 1988ರಲ್ಲಿ, ನಾನು ಹುಟ್ಟುವ ಮೊದಲು. ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಹಾಗೆ ಹೆಣ್ಣುಮಕ್ಕಳಿಗೂ ಹಕ್ಕು ಅಂತ ಕರ್ನಾಟಕದಲ್ಲಿ ಕಾನೂನು ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಅಜ್ಜಯ್ಯನ ಕಾಗದದಲ್ಲಿ ತೋಟ, ಗದ್ದೆ, ಮನೆ ಎಲ್ಲಾ ದೊಡ್ಡಪ್ಪ, ಅಪ್ಪಯ್ಯ ಇಬ್ಬರಿಗೆ. ಮದುವೆಯಾಗದೆ ಮನೆಯಲ್ಲೇ ಉಳಿದ ಅತ್ತೆಯ ಬಗ್ಗೆ ಒಂದೇ ಸಾಲು. ಆಕೆ ಇರುವವರೆಗೂ ಅನ್ನ, ಬಟ್ಟೆ ಕೊಟ್ಟು ನೋಡಿಕೊಳ್ಳತಕ್ಕದ್ದು. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಕ್ಷರ ಓದಲು ರೂಢಿಯಾಗಲಿ ಅಂತ ಬೀರುವಿನಿಂದ ತೆಗೆದು ಓದಿದ್ದೆ. ನೀಲಿ ಶಾಯಿಯ ಅಂದವಾದ ಅಕ್ಷರ. ಆ ಸಾಲಿನ ಮೇಲೆ ಕಾಗದ ಮಡಚಿ ಮಡಚಿ ಗೆರೆ ಬಿದ್ದಿತ್ತು. ಯಾರನ್ನೂ ಕೇಳದೆ ವಾಪಸ್ ಇಟ್ಟಿದ್ದೆ.

‘ಎಂತದೇ ಅದು? ಬಸ್ಸಿಳಿದಾಗಿಂದ ಕಿವಿಗೆ ಹಾಕ್ಕಂಡಿದ್ದು ತೆಗೀಲೇ ಇಲ್ಲ’ ಅಂದರು ಅತ್ತೆ.

‘ಹಾಡು ಅತ್ತೆ. ಒಬ್ರು ಸತ್ತೋದ ಮೇಲೆ ಅವ್ರ ಉಯಿಲು ಓದೋ ಕಥೆ.’

‘ಉಯಿಲು ಹಾಡ್ತಾರಾ?’

ಹೆಡ್‌ಫೋನ್ ತೆಗೆದು ಅವರ ತಲೆಗೆ ಹಾಕಿದೆ. ತಲೆಗೆ ಕಟ್ಟಿದ ವಸ್ತ್ರದ ಮೇಲೇ ಕೂರಿಸಿ ಸರಿ ಮಾಡಿದೆ. ಮೊದಲನೇ ಕಲಂ ಹಾಕಿದೆ. ಸೌಟು ಕೈಯಲ್ಲೇ ಇತ್ತು. ಗ್ರೌಲ್ ಬಂದಾಗ ಹುಬ್ಬು ಮೇಲೆ ಹೋಯಿತು. ತೆಗೆದುಬಿಡುತ್ತಾರೆ ಅಂದುಕೊಂಡೆ. ತೆಗೆಯಲಿಲ್ಲ.

‘ಬಣ್ಣದ ವೇಷ ಅಲ್ದಾ ಇದು?’ ಅಂತ ಜೋರಾಗಿ ಕೇಳಿದರು. ಸುಲಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ. ಹದಿನಾರು ವರ್ಷದಲ್ಲಿ ಯಾರಿಗೂ ಅರ್ಥ ಮಾಡಿಸಲಾಗದ್ದನ್ನು ಅತ್ತೆ ಅರ್ಧ ಹಾಡಿಗೆ ಹೇಳಿಬಿಟ್ಟರು.

ಆಮೇಲೆ ಕಥೆ ಹೇಳುತ್ತಾ ಹೋದೆ. ಒಂದೊಂದು ಕಲಂ ಕೇಳಿಸಿ, ನಿಲ್ಲಿಸಿ, ಅರ್ಥ ಹೇಳಿ, ಮುಂದಿನದು. ನಡುವೆ ಒಂದು ಹಂಡೆ ಬೆಂದು ಇಳಿಯಿತು, ಇನ್ನೊಂದು ಏರಿತು. ಕೊಳಲು ಅವರಿಗೆ ಹಿಡಿಸಲಿಲ್ಲ, ಗಂಟಲು ಕಟ್ಟಿದವರು ಊದಿದಂಗಿದೆ ಅಂದರು. ಅವಳಿ ಮಕ್ಕಳಿಗೆ ಏನೂ ಇಲ್ಲ ಅಂದಾಗ ‘ಪಾಪ, ಅವರದೆಂತ ತಪ್ಪು’ ಅಂದರು. ಪೋಲಿಯೋ ಹುಡುಗಿಗೆ ಎಲ್ಲಾ ಬಂತು ಅಂದಾಗ ಸುಮ್ಮನಿದ್ದರು. ಬೆಂಕಿಯ ಕಡೆ ನೋಡುತ್ತಾ ಕುಂಟೆ ಒಳಕ್ಕೆ ನೂಕಿದರು.

ಕೊನೇ ಹಾಡು ಪೂರ್ತಿ ಕೇಳಿದರು. ನಾನು ಕಾಗದದ ವಿಷಯ ಮೊದಲೇ ಹೇಳಿದ್ದೆ. ಗಿಟಾರು ಶುರುವಾದಾಗ ಅವರ ಕಪ್ಪು ಬೆರಳು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿತ್ತು. ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದರು.

‘ಕಾಗದ ಓದಿ ಎಂತ ಮಾಡಿದ್ಲು ಅವ್ಳು?’

‘ಹಾಡಲ್ಲಿ ಅದಿಲ್ಲ ಅತ್ತೆ. ಆಮೇಲೆ ಗಿಟಾರ್ ಅಷ್ಟೇ.’

‘ಅದೇ ಮನೇಲಿ ಒಬ್ಳೇ ಉಳ್ಕಂಡ್ಲಾ?’

ಏನು ಹೇಳಬೇಕೋ ಗೊತ್ತಾಗಲಿಲ್ಲ. ಚೊಗರು ಉಕ್ಕಿ ಬಂತು. ಅತ್ತೆ ಎದ್ದು, ಹೆಡ್‌ಫೋನ್ ತೆಗೆಯದೆ, ಸೌಟಿನಲ್ಲಿ ನಾಲ್ಕು ಅಡಿಕೆ ಎತ್ತಿ, ಒಂದನ್ನು ಊದಿ, ಸೀಳಿ, ಬೆಳಕಿಗೆ ಹಿಡಿದು ನೋಡಿದರು. ಇನ್ನೂ ಬೆಂದಿರಲಿಲ್ಲ.

‘ಇನ್ನೊಂದ್ಸಲ ಹಾಕು ಅದನ್ನ’ ಅಂದರು. ‘ಕೊನೇದು.’